ಹದಿನೇಳು ನಂಬರಿನ ಬೋಲ್ಟು

ನನ್ನ ಗಂಡ ಕುವೈತಿನಲ್ಲಿ ಮೆಕ್ಯಾನಿಕ್. ಹೋಗಿ ಹದಿನಾರು ವರ್ಷವಾಯಿತು. ಅಲ್ಲಿ ಅವರು ಬಿಚ್ಚದ ಇಂಜಿನ್ ಇಲ್ಲವಂತೆ. ಇದನ್ನು ಹೇಳಿದವರು ಅವರೇ ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಕೊಂಡು ಕೇಳಬೇಕು. ಆದರೂ ಕೈ ಒಳ್ಳೆಯದು ಎಂದು ಕಾಪು ಪೇಟೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಕುವೈತಿಗೆ ಹೋಗುವ ಮೊದಲು ಪೇಟೆಯಲ್ಲಿ ಅವರದ್ದೊಂದು ಸಣ್ಣ ಗ್ಯಾರೇಜ್ ಇತ್ತು. ಈಗ ಅದೇ ಜಾಗದಲ್ಲಿ, ಅವರ ಕೈಕೆಳಗೆ ಕೆಲಸ ಕಲಿತವನೊಬ್ಬ ತನ್ನ ಗ್ಯಾರೇಜ್ ನಡೆಸುತ್ತಾನೆ.

ನಮ್ಮ ಮನೆ ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಗೇಟಿನ ಚಿಲಕ, ಬಟ್ಟೆ ಕ್ಲಿಪ್ಪಿನ ಸ್ಪ್ರಿಂಗ್, ಕೊಡೆಯ ಕಡ್ಡಿ, ಯಾವುದೂ ಎರಡು ವರ್ಷ ಬಾಳುವುದಿಲ್ಲ. ಇಂಥಲ್ಲಿ ನಾನು ಒಂಬತ್ತು ವರ್ಷದಿಂದ ಒಂದೇ ಕಾರು ಓಡಿಸುತ್ತಿದ್ದೇನೆ. ಎಲ್ಲೂರಿನ ಶಾಲೆಯಲ್ಲಿ ವಿಜ್ಞಾನ ಟೀಚರ್ ನಾನು. ಹೋಗಿ ಬರಲು ಅದೇ. ತಿಂಗಳಿಗೊಮ್ಮೆ ಅತ್ತೆಯನ್ನು ಮಣಿಪಾಲದ ಆಸ್ಪತ್ರೆಗೆ ತೋರಿಸಿಕೊಂಡು ಬರಲೂ ಅದೇ. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅತ್ತೆಯನ್ನು ನಾನು ಮಾಮಿ ಎಂದು ಕರೆಯುತ್ತೇನೆ. ಅವರು ಎದುರಿಗೆ ನನ್ನನ್ನು ಮಗಾ ಎನ್ನುತ್ತಾರೆ, ಹಿಂದಿನಿಂದ ಎಂತ ಎನ್ನುತ್ತಾರೋ ನಾನು ವಿಚಾರಿಸಲು ಹೋಗಿಲ್ಲ.

ಶುಕ್ರವಾರ ಕುವೈತಿನಲ್ಲಿ ಇವರಿಗೆ ರಜೆ. ನಾನು ಶಾಲೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಫೋನ್ ಬರುತ್ತಿತ್ತು. ತಾಯಿ ಹೇಗಿದ್ದಾರೆ, ನೀನು ಹೇಗಿದ್ದಿ, ಇದಕ್ಕೆಲ್ಲ ಎರಡು ನಿಮಿಷ. ಆಮೇಲೆ, "ಬಾನೆಟ್ ತೆಗೆ. ಸ್ಟಾರ್ಟ್ ಮಾಡಿ ಫೋನ್ ಹತ್ತಿರ ಹಿಡಿ." ನಾನು ಇಂಜಿನ್ನಿಗೆ ಫೋನ್ ಹಿಡಿದು ನಿಲ್ಲುತ್ತಿದ್ದೆ, ಅವರು ಅಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಬೆಲ್ಟ್ ಲೂಸ್ ಉಂಟು." "ಏರ್ ಫಿಲ್ಟರ್ ತೆಗೆದು ಕೊಡವು." ಸಾವಿರಾರು ಮೈಲಿ ದೂರದಿಂದ ಕೇಳಿ ಅವರು ಹೇಳಿದ್ದು ಒಂದು ಸಲವೂ ಸುಳ್ಳಾದದ್ದಿಲ್ಲ. ನನ್ನ ಎದೆ ಬಡಿತವನ್ನಂತೂ ಈ ಮನುಷ್ಯ ಇಷ್ಟು ಲಕ್ಷ್ಯ ಕೊಟ್ಟು ಕೇಳಿದ ನೆನಪಿಲ್ಲ, ಇರಲಿ.

ಈ ಶುಕ್ರವಾರದ ಶಾಸ್ತ್ರ ಶುರುವಾದದ್ದು ಮಾವ ತೀರಿಹೋದ ಮೇಲೆ. ರಜೆ ಮಂಜೂರಾಗಿ, ಟಿಕೇಟು ಸಿಕ್ಕಿ ಇವರು ಮನೆ ಮುಟ್ಟುವಾಗ ಮೂರನೆಯ ದಿನ. ತಂದೆಯ ಮುಖ ನೋಡಲಿಕ್ಕೆ ಆಗಲಿಲ್ಲ. ಬೊಜ್ಜದ ಉತ್ತರಕ್ರಿಯೆಯೆಲ್ಲ ಮುಗಿದು ನೆಂಟರು ಹೋದ ಮೇಲೆ ಅಂಗಳದಲ್ಲಿ ಕುಳಿತು, "ಈ ಮನೆಗೆ ನನ್ನಿಂದ ಎಂತ ಉಪಯೋಗ ಉಂಟು ಹೇಳು?" ಎಂದು ಕೇಳಿದರು. ಗಂಡಸರು ಹಾಗೆ ಕೇಳಿದಾಗ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಗಾಡಿ ನೋಡಿಕೊಳ್ಳುವವರು ನೀವೇ ಅಲ್ವಾ? ನೀವಿಲ್ಲದಿದ್ದರೆ ಅದು ಎಂದೋ ಗುಜರಿಗೆ ಹೋಗುತ್ತಿತ್ತು." ಅದನ್ನವರು ಗಟ್ಟಿಯಾಗಿ ಹಿಡಿದುಕೊಂಡರು. ಆ ರಜೆಯಲ್ಲೇ ಅಂಗಳದಲ್ಲಿ ಕಾರಿನ ಮುಂದಿನ ಚಕ್ರ ಹತ್ತಿಸಲು ಸಿಮೆಂಟಿನ ಎರಡು ದಿಬ್ಬ ಕಟ್ಟಿಸಿದರು. ಆಯಿಲ್ ಬದಲಿಸಿದರು. ಆಯಿಲ್ ಇಳಿಸುವ ಕೆಳಗಿನ ಬೋಲ್ಟನ್ನು ಮೈಯ ಶಕ್ತಿಯೆಲ್ಲ ಹಾಕಿ ಬಿಗಿದು, "ನಾನು ಬಿಗಿದ ಬೋಲ್ಟಿನಲ್ಲಿ ಒಂದು ತೊಟ್ಟು ಸೋರಿದ ಚರಿತ್ರೆ ಇಲ್ಲ" ಎಂದರು. ಹೋಗುವಾಗ, "ಇನ್ನು ಗಾಡಿಗೆ ಬೇರೆಯವರ ಕೈ ತಾಗಿಸಬೇಡ. ಎಂತ ಇದ್ದರೂ ನನಗೆ ಹೇಳು" ಎಂದು ಹೇಳಿ ಹೋದರು. ಆ ದಿಬ್ಬದ ಮೇಲೆ ಮಾಮಿ ಸಾರಿಗೆ, ಶರಬತ್ತಿಗೆಂದು ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದರು, ಅದು ಬೇರೆ ಮಾತು.

ಒಂದು ಗುರುವಾರ ಎಲ್ಲೂರಿನಿಂದ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ಲಿನ ಕೆಂಪು ದೀಪ ಮಿಣಮಿಣ ಎಂದಿತು. ಮಾರನೆಯ ದಿನ ಶುಕ್ರವಾರ, ನನಗೂ ಯಾವುದೋ ಜಯಂತಿಯ ರಜೆ. ಫೋನಿನಲ್ಲಿ ವಿಷಯ ಕೇಳಿದ್ದೇ ಇವರು ಎದ್ದು ಕುಳಿತರು. "ಆಯಿಲ್ ಬದಲಿಸದೆ ಗಾಡಿ ಹೊರಗೆ ತೆಗೆಯಬೇಡ. ಹೋದ ಸಲ ತಂದಿಟ್ಟ ಆಯಿಲ್ ಕ್ಯಾನ್ ಚಾವಡಿಯ ಮೂಲೆಯಲ್ಲಿ ಉಂಟು. ಇವತ್ತೇ ಬದಲಿಸುವ."

"ನಾಳೆ ಮಾಮಿಯನ್ನು ಮಣಿಪಾಲಕ್ಕೆ ಕರಕೊಂಡು ಹೋಗಲಿಕ್ಕುಂಟು. ಪೇಟೆಯ ಗ್ಯಾರೇಜಿಗೆ ಒಂದು ಫೋನ್ ಮಾಡಿದರೆ ಅವನು ಬಂದು..." ಎಂದೆ.

"ಅವನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವನು ನಾನು. ಈಗ ನನ್ನ ಗಾಡಿಯ ಆಯಿಲ್ ಅವನು ಇಳಿಸುವುದಾ? ನಾನಿದ್ದೇನೆ ಮಾರಾಯ್ತಿ. ಒಂದು ಬೋಲ್ಟ್ ತೆಗೆಯುವ ಕೆಲಸ. ನೀನು ಸೈನ್ಸ್ ಟೀಚರ್ ಅಲ್ವಾ?"

ಆ ಧ್ವನಿಯಲ್ಲಿದ್ದ ಉಮೇದು ಕೇಳಿ ನಾನು ಒಪ್ಪಿದೆ. ಇದೊಂದು ಕೆಲಸ ಅವರ ಕೈಯಿಂದ ತಪ್ಪಿದರೆ ಅವರಿಗೆ ಈ ಮನೆಯಲ್ಲಿ ಹಿಡಿದುಕೊಳ್ಳಲು ಬೇರೆ ಯಾವ ಕಂಬವೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಪುನರ್ಪುಳಿ ಸಿಪ್ಪೆಯನ್ನು ಗೆರಸೆಗೆ ತುಂಬಿ, ದಿಬ್ಬದ ಮೇಲೆ ಕಾರು ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಹಳೆಯ ಚೂಡಿದಾರ ಹಾಕಿಕೊಂಡೆ. ನೆಲಕ್ಕೆ ಹಾಸಲು ಕೊಟ್ಟಿಗೆಯಲ್ಲಿ ಒಂದು ಫ್ಲೆಕ್ಸ್ ಸಿಕ್ಕಿತು, ಯಾವುದೋ ಚುನಾವಣೆಯದ್ದು. ಕೈಮುಗಿದು ನಗುವ ಪುಢಾರಿಯ ಮುಖದ ಮೇಲೆ ಬೆನ್ನು ಹಾಕಿ ಕಾರಿನ ಅಡಿಗೆ ನುಗ್ಗಿದೆ. ಐದು ವರ್ಷದಲ್ಲಿ ಆತನಿಂದ ನನಗಾದ ಉಪಕಾರ ಅದೊಂದೇ.

ಬೋಲ್ಟು ಇಂಜಿನ್ನಿನ ಕೆಳಗೆ, ಹಿಂದಕ್ಕೆ ಮುಖ ಮಾಡಿಕೊಂಡಿತ್ತು. ಮಲಗಿದಲ್ಲಿಂದ ನನಗೆ ಅದರ ತಲೆ ಕಾಣುತ್ತಿರಲಿಲ್ಲ, ಕೈಗೆ ಸಿಗುತ್ತಿತ್ತು ಅಷ್ಟೆ. ಇವರು ಉಪಾಯ ಹೇಳಿದರು: ಸೆಲ್ಫಿ ತೆಗೆಯುವ ಕ್ಯಾಮೆರಾ ಹಾಕಿ ಫೋನನ್ನು ಒಂದು ಇಟ್ಟಿಗೆಗೆ ಒರಗಿಸಿಟ್ಟರೆ ಬೋಲ್ಟು ಅವರಿಗೂ ಕಾಣುತ್ತದೆ, ಸ್ಕ್ರೀನಿನಲ್ಲಿ ನನಗೂ ಕಾಣುತ್ತದೆ. ಹಾಗೆಯೇ ಮಾಡಿದೆ. ತುಕ್ಕು ಹಿಡಿದ ಆರು ಮೂಲೆಯ ತಲೆ ಸ್ಕ್ರೀನಿನ ನಡುವೆ ಬಂದು ಕುಳಿತಿತು. ಮೂಲೆಯಲ್ಲಿ ಕುವೈತಿನ ರೂಮಿನ ಬಂಕಿನ ಮೇಲೆ ಕುಳಿತ ನನ್ನ ಗಂಡ.

"ಹದಿನೇಳು ನಂಬರ್ ಸ್ಪ್ಯಾನರ್ ಕೂರಿಸು. ಕೂತಿತಾ? ಈಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ವಿರುದ್ಧ. ಸ್ಕ್ರೀನ್ ನೋಡಿ ಎಳೆ."

ನೋಡಿಯೇ ಎಳೆದೆ. ಎಂತ ಸಾವು, ಕಲ್ಲಿನ ಹಾಗೆ ಕೂತಿತ್ತು ಅದು. ತುಕ್ಕು ಬಿಡಲಿಕ್ಕೆ ಬ್ರೇಕ್ ಆಯಿಲ್ ಬಿಟ್ಟು ಹತ್ತು ನಿಮಿಷ ಕಾಯಿ ಎಂದರು. ಕಾದೆ. ಮಾಮಿ ಒಳಗಿನಿಂದ ತೆಂಗಿನೆಣ್ಣೆ ತಂದು, "ಸ್ವಲ್ಪ ಇದನ್ನೂ ಹಾಕು ಮಗಾ" ಎಂದರು. ಅವರಿಗೆ ಸೊಂಟನೋವಿನಿಂದ ಹಿಡಿದು ಬಾಗಿಲಿನ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಒಂದೇ ಔಷಧಿ. ಅದನ್ನೂ ಹಾಕಿದೆ.

ಅಷ್ಟರಲ್ಲಿ ಇವರ ಚಿತ್ರ ನಿಂತುಹೋಯಿತು. ಬಾಯಿ ಅರ್ಧ ತೆರೆದ ಗಂಡ, ಸ್ವರ ಮಾತ್ರ ಬರುತ್ತಿತ್ತು. "ನನಗೆ ನಿನ್ನದು ಎಂತ ಕಾಣುವುದಿಲ್ಲ, ನಿಂತಿದೆ. ಪರವಾಗಿಲ್ಲ, ನೀನು ಎಳೆ, ನಾನು ಕೇಳ್ತಾ ಇದ್ದೇನೆ."

ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಚಕ್ರಕ್ಕೆ ಕೊಟ್ಟು ಎಳೆದೆ. ಬೋಲ್ಟು ಕಿರ್ ಎಂದಿತು. ಅಲುಗಿತು.

"ಅಲುಗಿತು! ಅಲುಗಿತು ಮಾರಾಯ್ರೇ!" ಎಂದು ಕಿರುಚಿದೆ.

"ನನಗೆ ಕೇಳಿತು! ಅಲುಗಿದರೆ ಬಂದ ಹಾಗೆಯೇ. ಭೇಷ್! ಈಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸು, ಉದ್ದ ಆದಷ್ಟು ಬಲ ಜಾಸ್ತಿ."

ಅದು ನನಗೆ ಹೇಳಬೇಕೇ? ಸನ್ನೆಕೋಲಿನ ಪಾಠ ಮಾಡುವವಳು ನಾನು. ಬಾವಿಯ ಪಂಪಿನ ಹಳೆಯ ಪೈಪಿನ ತುಂಡನ್ನು ಸಿಕ್ಕಿಸಿ, ಸ್ಕ್ರೀನಿನಲ್ಲಿ ದಿಕ್ಕು ಸರಿಯಾಗಿ ನೋಡಿಕೊಂಡು, ಉಸಿರು ಕಟ್ಟಿ ಎಳೆದೆ. ಇನ್ನಷ್ಟು ಅಲುಗಿತು. ಇನ್ನೊಮ್ಮೆ. ಇನ್ನೊಮ್ಮೆ. ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗುತ್ತಿದೆ ಎಂದು ಕೈಗೆ ಗೊತ್ತಾಗುತ್ತಿತ್ತು. ಆದರೆ ಅಷ್ಟು ದೊಡ್ಡ ಮೆಕ್ಯಾನಿಕ್ ಫೋನಿನಲ್ಲಿದ್ದಾಗ ಕೈಯ ಮಾತನ್ನು ಯಾರು ಕೇಳುತ್ತಾರೆ? ಆಮೇಲೆ ಒಳಗಿನಿಂದ ಏನೋ ಕರಕ್ ಎಂದಿತು. ಮರುಕ್ಷಣ ಸ್ಪ್ಯಾನರ್ ಜಾರಿ, ನನ್ನ ಬೆರಳಿನ ಗಂಟು ಕಬ್ಬಿಣಕ್ಕೆ ಬಡಿದು ಚರ್ಮ ಎದ್ದಿತು.

ಆಗಲೇ ಅವರ ಚಿತ್ರಕ್ಕೆ ಜೀವ ಬಂತು. ಅವರಿಗೆ ನನ್ನದು ಕಂಡಿತು. "ಏಯ್, ನಿಲ್ಲು, ನಿಲ್ಲು! ಯಾವ ಕಡೆಗೆ ಎಳಿತಾ ಇದ್ದಿ ನೀನು?"

"ನೀವು ಹೇಳಿದ ಕಡೆಗೆ. ಸ್ಕ್ರೀನ್ ನೋಡಿಯೇ ಎಳೆದದ್ದು."

ಹೇಳುತ್ತಿದ್ದ ಹಾಗೆಯೇ ನನಗೆ ಹೊಳೆಯಿತು. ಸೆಲ್ಫಿ ಕ್ಯಾಮೆರಾದಲ್ಲಿ ನಮ್ಮ ಸ್ಕ್ರೀನಿನಲ್ಲಿ ನಮಗೆ ಕಾಣುವುದು ಕನ್ನಡಿಯ ಹಾಗೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಪ್ರತಿ ವರ್ಷ ಮಕ್ಕಳ ಮುಂದೆ ಕನ್ನಡಿ ಹಿಡಿದು, ಇದನ್ನೇ ಗಂಟಲು ಹರಿದುಕೊಂಡು ಹೇಳುವವಳು ನಾನು. ಗೊತ್ತಾಗದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮುಕ್ಕಾಲು ಗಂಟೆ ಮೈಮುರಿದು ನಾನು ಬೋಲ್ಟನ್ನು ಬಿಚ್ಚಿದ್ದಲ್ಲ, ಬಿಗಿದದ್ದು. ಮೊದಲೇ ಅವರು ಬಿಗಿದಿಟ್ಟದ್ದು, ಅದರ ಮೇಲೆ ನನ್ನದು.

ಸರಿಯಾದ ದಿಕ್ಕಿಗೆ ಪ್ರಯತ್ನಿಸಿದೆವು. ಆರು ಮೂಲೆಯೂ ಸವೆದು ತಲೆ ಗುಂಡಗಾಗಿತ್ತು, ಸ್ಪ್ಯಾನರ್ ಸುಮ್ಮನೆ ಸುತ್ತು ಹೊಡೆಯುತ್ತಿತ್ತು. "ಹದಿನಾರರ ಸಾಕೆಟ್ ಇದ್ದರೆ ಬಡಿದು ಕೂರಿಸಬಹುದಿತ್ತು," ಎಂದರು. ಇರಲಿಲ್ಲ. "ಪೈಪ್ ರೆಂಚ್?" ಅದೂ ಇಲ್ಲ. "ನನಗೆ ಅಲ್ಲಿ ಎರಡು ನಿಮಿಷ ಕೈ ಹಾಕಲಿಕ್ಕೆ ಸಿಕ್ಕಿದ್ದರೆ," ಎಂದರು. ಆಮೇಲೆ, "ಛೆ, ಅಷ್ಟೂ ಗೊತ್ತಾಗಲಿಲ್ಲವಾ ನಿನಗೆ? ಕೈಗೆ ಗೊತ್ತಾಗುವುದಿಲ್ಲವಾ?"

ಮಂಡೆ ಬಿಸಿಯಾಯಿತು. ಕೈಯಲ್ಲಿ ರಕ್ತ, ಕಣ್ಣಿಗೆ ಬ್ರೇಕ್ ಆಯಿಲ್, ಕುತ್ತಿಗೆಯ ಅಡಿಯಲ್ಲಿ ಹಲ್ಲು ಕಿರಿಯುವ ಪುಢಾರಿ. "ಅಷ್ಟು ಗೊತ್ತಿದ್ದವರು ಇಲ್ಲಿ ಇರಬೇಕಿತ್ತು!" ಎಂದೆ. "ಅಲ್ಲಿ ಕುಳಿತು ಬಾಯಿಯಲ್ಲಿ ಬೋಲ್ಟು ಬಿಚ್ಚಲಿಕ್ಕೆ ಯಾರಿಗೂ ಬರುತ್ತದೆ. ಬೇಕಾದಾಗ ಯಾವತ್ತು ಇದ್ದೀರಿ ನೀವು? ಮಾವ ಹೋದಾಗ ಇದ್ದಿರಾ?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಡಿಬಿಟ್ಟೆ. ಫೋನಿನಲ್ಲಿ ಚಿತ್ರ ನಿಂತಿದೆಯೋ, ಅವರೇ ಅಲುಗಾಡದೆ ಕುಳಿತಿದ್ದಾರೋ ನನಗೆ ಗೊತ್ತಾಗಲಿಲ್ಲ. ಕೊನೆಗೆ, "ಕೈಗೆ ಅರಿಶಿನ ಹಾಕು" ಎಂದರು. ಫೋನ್ ಇಟ್ಟರು.

ಕಾರಿನ ಅಡಿಯಿಂದ ಹೊರಗೆ ಬಂದಾಗ ಮಾಮಿ ಎಣ್ಣೆಯ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಎಲ್ಲ ಕೇಳಿತ್ತು ಅವರಿಗೆ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿಯ ಮುಚ್ಚಳ ತಿರುಗಿಸುತ್ತ ಒಳಗೆ ಹೋದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಶನಿವಾರ ಬೆಳಿಗ್ಗೆ ರಿಕ್ಷಾದಲ್ಲಿ ಮಣಿಪಾಲಕ್ಕೆ ಹೋಗಿ ಬಂದೆವು. ಮಾಮಿಗೆ ತೊಂದರೆಯೇನೂ ಆಗಲಿಲ್ಲ, ಗಾಳಿ ಚೆನ್ನಾಗಿ ಬರ್ತದೆ ಎಂದು ಹೊಗಳಿದರು ಕೂಡ. ಮಧ್ಯಾಹ್ನ ನಾನು ಪೇಟೆಯ ಅದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಬೇರೆ ದಾರಿ ಇರಲಿಲ್ಲ. ಗಾಡಿ ದಿಬ್ಬದ ಮೇಲೆ ಹಾಗೆಯೇ ನಿಂತಿತ್ತು.

ಆತ ಬಂದು ಕೆಳಗೆ ಮಲಗಿದ. ಟಾರ್ಚ್ ಬಿಟ್ಟು ನೋಡಿದ. ಆಮೇಲೆ ಕೆಳಗಿನಿಂದಲೇ, "ಅತ್ತಿಗೆ, ಇದು ಅಣ್ಣ ಬಿಗಿದದ್ದಲ್ವಾ?" ಎಂದ.

"ಹೇಗೆ ಗೊತ್ತು?"

"ಇಷ್ಟು ಬಿಗಿಯುವುದು ಅವರೊಬ್ಬರೇ. ನನಗೆ ಎಷ್ಟು ಸಲ ಬೈದಿದ್ದಾರೆ, ಅನ್ನ ತಿಂದ ಕೈಯಲ್ಲವಾ ನಿನ್ನದು ಅಂತ." ಉಳಿಯನ್ನು ಬೋಲ್ಟಿನ ಅಂಚಿಗೆ ಓರೆಯಾಗಿ ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟ. ಐದನೆಯ ಪೆಟ್ಟಿಗೆ ಬಂತು. ಕಪ್ಪು ಆಯಿಲ್ ಬಾಣಲೆಗೆ ಬುಳಬುಳ ಇಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆಂದು ಕೇಳಬೇಡಿ.

ತೂತಿನೊಳಗಿನ ಥ್ರೆಡ್, ಅದೇ ತಿರುಪಿನ ಗೆರೆ, ತಿಂದುಹೋಗಿತ್ತು, ಹಳೆಯ ಬೋಲ್ಟು ಇನ್ನು ನಿಲ್ಲುವುದಿಲ್ಲ ಎಂದ. ಉಡುಪಿಗೆ ಹೋಗಿ ಒಂದು ಅಳತೆ ದೊಡ್ಡದಾದ ಬೋಲ್ಟು ತಂದು, ಹೊಸ ಥ್ರೆಡ್ ಕೊರೆದು ಕೂರಿಸಿದ. "ಇದಕ್ಕೆ ಹದಿನೇಳು ಆಗುವುದಿಲ್ಲ ಅತ್ತಿಗೆ, ಹತ್ತೊಂಬತ್ತು ಬೇಕು. ನೆನಪಿಡಿ." ಕೈ ಒರೆಸಿಕೊಂಡು ಹೊರಟವನು ಗೇಟಿನ ಹತ್ತಿರ ನಿಂತ. "ನಾನು ಬಂದದ್ದು ಅಣ್ಣನಿಗೆ ಹೇಳಬೇಡಿ. ಬೇಜಾರು ಮಾಡಿಕೊಳ್ತಾರೆ."

ಹೇಳಲಿಲ್ಲ. ಸಂಜೆ ನಾನಾಗಿಯೇ ಫೋನ್ ಮಾಡಿ, "ಬಂತು" ಎಂದೆ.

"ಎಂತ ಬಂತು?"

"ಬೋಲ್ಟು. ರಾತ್ರಿ ಬ್ರೇಕ್ ಆಯಿಲ್ ಹಾಕಿಟ್ಟಿದ್ದೆ. ಬೆಳಿಗ್ಗೆ ಹಳೆ ಬಟ್ಟೆ ಸುತ್ತಿ, ನೀವು ಹೇಳಿದ ದಿಕ್ಕಿಗೆ ಎಳೆದೆ. ಬಂತು."

ಆಮೇಲೆ ಆ ಮನುಷ್ಯ ಹಾಕಿದ ಬೊಬ್ಬೆ! "ಓಯ್, ಕೇಳಿದಿರಾ? ನನ್ನ ಹೆಂಡತಿ ಬೋಲ್ಟ್ ತೆಗೆದಳು! ತಲೆ ಹೋದ ಬೋಲ್ಟ್! ನಾನು ಇಲ್ಲಿಂದ ಹೇಳಿದ್ದು!" ರೂಮಿನಲ್ಲಿದ್ದ ಆರು ಜನರೂ ಚಪ್ಪಾಳೆ ಹೊಡೆದದ್ದು ಕೇಳಿತು. "ನಾನು ಹೇಳಿದ್ದೆನಲ್ಲ, ನಾನಿದ್ದೇನೆ ಅಂತ," ಎಂದರು. ಹಿಂದಿನ ದಿನ ನಾನಾಡಿದ್ದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಳ್ಳಿನಿಂದ ಅದನ್ನು ಮುಚ್ಚಿಬಿಟ್ಟೆ ಎಂದು ನನಗೆ ಎಷ್ಟು ಹಗುರವಾಯಿತೆಂದರೆ, ಕಾರ್ಕಳದಲ್ಲಿರುವ ನನ್ನ ಅಮ್ಮನಿಗೂ ಫೋನ್ ಮಾಡಿ ಅದೇ ಸುಳ್ಳು ಹೇಳಿದೆ.

ಎಂಟು ತಿಂಗಳು ಆ ಕತೆ ಬೆಳೆಯಿತು. ಪ್ರತಿ ಶುಕ್ರವಾರ ಇಂಜಿನ್ ಶಬ್ದ ಕೇಳಿ ಮುಗಿದ ಮೇಲೆ, ಆ ಬೋಲ್ಟಿನ ಕತೆ ಯಾರಿಗೆ ಹೇಳಿದೆ, ಅವರು ಎಂತ ಹೇಳಿದರು ಎಂಬ ವರದಿ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಅವರ ಸಂಭ್ರಮ ನೋಡಿ ಮುಚ್ಚಿದೆ.

ರಜೆಯಲ್ಲಿ ಬಂದರು. ಚಾವಡಿಯಲ್ಲಿ ಪೆಟ್ಟಿಗೆ ತೆರೆದು, ತಾಯಿಗೆ ಕಂಬಳಿ, ಖರ್ಜೂರ ಕೊಟ್ಟ ಮೇಲೆ, ಬಟ್ಟೆಯಲ್ಲಿ ಸುತ್ತಿದ ಒಂದನ್ನು ನನ್ನ ಕೈಗಿಟ್ಟರು. ಭಾರವಿತ್ತು. ಹೊಳೆಯುವ ಉದ್ದನೆಯ ಸ್ಪ್ಯಾನರ್. "ಇನ್ನು ಪೈಪ್ ಬೇಡ ನಿನಗೆ. ಜರ್ಮನಿಯದ್ದು, ಜಾರುವುದಿಲ್ಲ." ತುದಿಯಲ್ಲಿ ಕೊರೆದ ಅಂಕೆ ನೋಡಿದೆ. ಹದಿನೇಳು.

ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಈಗ ಬೇಡ, ಊಟವಾಗಲಿ ಎಂದುಕೊಂಡೆ. ಊಟವಾದ ಮೇಲೆ, ನಿದ್ದೆ ಮಾಡಲಿ ಎಂದುಕೊಂಡೆ.

ಬೆಳಿಗ್ಗೆ ನಾನು ಚಾ ಸೋಸುತ್ತಿದ್ದಾಗ ಅಂಗಳದಲ್ಲಿ ಕಾರು ದಿಬ್ಬ ಹತ್ತಿದ ಶಬ್ದ ಕೇಳಿತು. ಲೋಟ ಹಿಡಿದು ಓಡಿದೆ. ಅವರು ಆಗಲೇ ಕೆಳಗೆ ನುಗ್ಗಿದ್ದರು, ಲುಂಗಿಯ ಅಂಚು ಮತ್ತು ಎರಡು ಪಾದ ಮಾತ್ರ ಕಾಣುತ್ತಿತ್ತು. ಏನೋ ಗುನುಗುತ್ತಿದ್ದರು. ಹೊಸ ಸ್ಪ್ಯಾನರ್ ಬೋಲ್ಟಿಗೆ ತಾಗಿ ಟಿಣ್ ಎಂದಿತು. ಮತ್ತೊಮ್ಮೆ ಟಿಣ್ ಎಂದಿತು. ಗುನುಗುವುದು ನಿಂತಿತು. ಪಾದಗಳೂ ಅಲುಗಲಿಲ್ಲ. ನಾನು ಬಿಸಿ ಲೋಟ ಹಿಡಿದುಕೊಂಡು ನಿಂತೇ ಇದ್ದೆ.

"ಹತ್ತೊಂಬತ್ತು ಉಂಟಾ?" ಎಂದು ಕೆಳಗಿನಿಂದ ಕೇಳಿದರು.

ಸ್ಪ್ಯಾನರುಗಳ ಹಳೆಯ ಪೆಟ್ಟಿಗೆಯಿಂದ ಹತ್ತೊಂಬತ್ತನ್ನು ಹುಡುಕಿ ಕೊಟ್ಟೆ. ಒಂದು ಕೈ ಹೊರಗೆ ಬಂದು ತೆಗೆದುಕೊಂಡಿತು. ಆಯಿಲ್ ಇಳಿಯಿತು. ಬೋಲ್ಟು ಮತ್ತೆ ಕೂತಿತು. ಹೊರಗೆ ಬಂದು ಕೈ ಒರೆಸಿ, ತಣಿದ ಚಾ ಕುಡಿದರು.

"ಒಳ್ಳೆ ಕೆಲಸ ಮಾಡಿದ್ದಾನೆ," ಎಂದರು. "ಹದವಾಗಿ ಬಿಗಿದಿದ್ದಾನೆ. ನಾನು ಹೋದ ಮೇಲೆ ಗಾಡಿ ಅವನಿಗೇ ತೋರಿಸು."

"ನಾನು ಹೇಳಬೇಕೆಂದಿದ್ದೆ..." ಎಂದೆ.

"ಇರಲಿ ಮಾರಾಯ್ತಿ," ಎಂದು ಲೋಟ ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು.

ಈಗಲೂ ಶುಕ್ರವಾರ ಫೋನ್ ಬರುತ್ತದೆ. ತಾಯಿ ಹೇಗಿದ್ದಾರೆ, ನೀನು ಹೇಗಿದ್ದಿ ಎಂದು ಕೇಳುತ್ತಾರೆ. ಎರಡು ನಿಮಿಷ. ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಹೋದ ವಾರ ನಾನೇ ಅಂಗಳಕ್ಕೆ ಹೋಗಿ, ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ ಫೋನ್ ಹಿಡಿದೆ. "ಶಬ್ದ ಹೇಗುಂಟು ಕೇಳಿ," ಎಂದೆ.

"ಅವನು ನೋಡಿದ್ದಾನಲ್ಲ," ಎಂದರು. "ಸುಮ್ಮನೆ ಪೆಟ್ರೋಲ್ ಹಾಳು. ಬಂದ್ ಮಾಡು."